ಉಪ್ಪುನೀರಿನ ಟ್ಯಾಂಕ್‌ನಲ್ಲಿ ಹವಳ ಒಂದೊಂದಾಗಿ ಸಾಯುತ್ತಿವೆ, ಮೀನು ಮಾತ್ರ ಚೆನ್ನಾಗಿವೆ. ನೀರಿನಲ್ಲಿ ಏನಿರಬಹುದು?

ಹವಳದಮನೆ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ. ಅರ್ಧ ಹೇಳಿದರೆ ನೀವು ಮತ್ತೆ ಮತ್ತೆ ಕೇಳಬೇಕಾಗುತ್ತದೆ.

ನಮ್ಮದು ಬೆಂಗಳೂರು, ಬನಶಂಕರಿ. 200 ಲೀಟರ್ ಟ್ಯಾಂಕ್, ಕೆಳಗೆ ಚಿಕ್ಕ ಸಂಪ್ (ನೀರು ಸೋಸುವ ತೊಟ್ಟಿ), ಅದರಲ್ಲಿ ಕೊಳೆಯನ್ನು ನೊರೆಯಾಗಿ ತೆಗೆಯುವ ಸ್ಕಿಮ್ಮರ್. ಶುರು ಮಾಡಿ ಎರಡು ವರ್ಷದ ಹತ್ತಿರ ಆಯಿತು. ಎಲ್ಲವೂ ಮೃದು ಹವಳಗಳೇ. ಜೋವಾ, ಮಶ್ರೂಮ್, ಒಂದು ದೊಡ್ಡ ಟೋಡ್‌ಸ್ಟೂಲ್ ಲೆದರ್, ಹಸಿರು ಸ್ಟಾರ್ ಪಾಲಿಪ್, ಝೀನಿಯಾ. ಜೊತೆಗೆ ಎರಡು ಕ್ಲೌನ್ ಮೀನು, ಒಂದು ಗೋಬಿ. ಇಷ್ಟು ದಿನ ತಂಟೆ ತಕರಾರಿಲ್ಲದೆ ಬೆಳೆಯುತ್ತಿದ್ದವು.

ಯುಗಾದಿ ಕಳೆದ ಮೇಲೆ ತೊಂದರೆ ಶುರುವಾಯಿತು. ಮೊದಲು ಝೀನಿಯಾ ಮಿಡಿಯುವುದನ್ನು ನಿಲ್ಲಿಸಿತು, ಆಮೇಲೆ ಕೆಲವೇ ದಿನದಲ್ಲಿ ಕರಗಿ ಲೋಳೆಯಾಯಿತು. ಸ್ಟಾರ್ ಪಾಲಿಪ್ ಹೊರಗೇ ಬರುತ್ತಿಲ್ಲ, ಬರೀ ನೇರಳೆ ಚಾಪೆ ಕಾಣುತ್ತದೆ. ಜೋವಾ ಮುಚ್ಚಿಕೊಂಡಿವೆ, ಅಂಚಿನ ಕೆಲವು ಸತ್ತೇ ಹೋದವು. ಲೆದರ್ ಕುಗ್ಗಿ ಒಂದು ಕಡೆ ವಾಲಿದೆ. ಮಶ್ರೂಮ್ ಮಾತ್ರ ಹಾಗೂ ಹೀಗೂ ಇವೆ. ಮೀನುಗಳಿಗೆ ಏನೂ ಆಗಿಲ್ಲ, ಚೆನ್ನಾಗಿ ತಿನ್ನುತ್ತಿವೆ.

ನಿನ್ನೆ ರಾತ್ರಿಯ ಅಳತೆ: ಅಮೋನಿಯಾ 0, ನೈಟ್ರೈಟ್ 0, ನೈಟ್ರೇಟ್ 10, ಫಾಸ್ಫೇಟ್ 0.05, ಪಿಎಚ್ 8.1, ಕೆಎಚ್ (ಕ್ಷಾರತೆ) 7.5, ಕ್ಯಾಲ್ಸಿಯಂ 410, ಮೆಗ್ನೀಸಿಯಂ 1300. ರಿಫ್ರಾಕ್ಟೋಮೀಟರ್‌ನಲ್ಲಿ ಉಪ್ಪಿನಂಶ 1.025. ಹಗಲು 28.5 ಡಿಗ್ರಿ, ರಾತ್ರಿ 27. ಸೆಕೆಗೆ ಎರಡು ಫ್ಯಾನ್ ಹಾಕಿದ್ದೇನೆ, ಹಾಗಾಗಿ ನೀರು ಬೇಗ ಆವಿಯಾಗುತ್ತದೆ. ದಿನಕ್ಕೆ ನಾಲ್ಕು ಲೀಟರ್ ಹತ್ತಿರ ಆರ್‌ಒ ನೀರು ಸೇರಿಸಬೇಕು. ವಾರಕ್ಕೆ 20 ಲೀಟರ್ ಬದಲಾಯಿಸುತ್ತೇನೆ. ಉಪ್ಪು ಅದೇ ಬ್ರಾಂಡ್, ಲೈಟ್ ಅದೇ, ಟೈಮರ್ ಅದೇ.

ಅಂಗಡಿಯವರು ಅಯೋಡಿನ್ ಹಾಕಿ, ಸ್ಟ್ರಾಂಷಿಯಂ ಹಾಕಿ, ಹವಳದ ಆಹಾರ ಹಾಕಿ ಅನ್ನುತ್ತಾರೆ. ಮೂರು ಬಾಟಲಿ ತರುವ ಮೊದಲು ಇಲ್ಲಿ ಕೇಳೋಣ ಅನ್ನಿಸಿತು. ಅಳತೆಯೆಲ್ಲ ಸರಿ ಇದ್ದರೂ ಯಾಕೆ ಹೀಗೆ? ದಯವಿಟ್ಟು ಬೇಗ ಹೇಳಿ, ದಿನಾ ಬೆಳಗ್ಗೆ ಎದ್ದು ನೋಡುವುದಕ್ಕೇ ಸಂಕಟವಾಗುತ್ತದೆ.

ಉಪ್ಪುನೀರು_ಮೈಸೂರು:

ಮೇಡಂ, ಅಂಕಿಗಳನ್ನೆಲ್ಲ ಕೊಟ್ಟು ಕೇಳಿದ್ದೀರಿ, ತುಂಬಾ ಒಳ್ಳೆಯದಾಯಿತು. ಮೊದಲ ಮಾತು, ಯಾವ ಬಾಟಲಿಯನ್ನೂ ತರಬೇಡಿ. ಕಾರಣ ಗೊತ್ತಿಲ್ಲದೆ ನೀರಿಗೆ ಏನು ಸುರಿದರೂ ನಾಳೆ ಹುಡುಕಬೇಕಾದ ಕಾರಣ ಒಂದು ಜಾಸ್ತಿ ಆಗುತ್ತದೆ, ಅಷ್ಟೇ. ವಾರಕ್ಕೆ 20 ಲೀಟರ್ ಬದಲಾಯಿಸುತ್ತೀರಿ, ಒಳ್ಳೆಯ ಉಪ್ಪಿನಲ್ಲಿ ಅಯೋಡಿನ್, ಸ್ಟ್ರಾಂಷಿಯಂ ಎರಡೂ ಇರುತ್ತವೆ. ಮೃದು ಹವಳಕ್ಕೆ ಅಷ್ಟು ಸಾಕು.

ನನಗೆ ಮೊದಲು ಅನುಮಾನ ಬರುವುದು ರಿಫ್ರಾಕ್ಟೋಮೀಟರ್ ಮೇಲೆ. ಬರೀ ಶುದ್ಧ ನೀರು ಹಾಕಿ ಸೊನ್ನೆಗೆ ತಿರುಗಿಸಿಟ್ಟರೆ ಸಾಲದು. ಸೊನ್ನೆಯಲ್ಲಿ ಸರಿ ತೋರಿಸುವ ಮೀಟರ್ ಮೇಲೆ ಹೋದಂತೆ ತಪ್ಪಬಹುದು. 35 ಪಿಪಿಟಿ (ಸಾವಿರ ಭಾಗಕ್ಕೆ 35 ಭಾಗ ಉಪ್ಪು) ದ್ರಾವಣದಲ್ಲಿ ನೋಡಿ, 1.0264 ತೋರಿಸಬೇಕು. ದ್ರಾವಣ ಸಿಗದಿದ್ದರೆ ಮನೆಯಲ್ಲೇ ಮಾಡಿಕೊಳ್ಳಬಹುದು. 963.5 ಗ್ರಾಂ ಶುದ್ಧ ನೀರಿಗೆ 36.5 ಗ್ರಾಂ ಅಡುಗೆ ಉಪ್ಪು, ಪೂರ್ತಿ ಕರಗಬೇಕು. ರಿಫ್ರಾಕ್ಟೋಮೀಟರ್‌ನಲ್ಲಿ ಅದು 35 ಪಿಪಿಟಿ ಸಮುದ್ರದ ನೀರಿನಷ್ಟೇ ತೋರಿಸುತ್ತದೆ. ಆದರೆ ಮೀಟರ್ ಪರೀಕ್ಷೆಗೆ ಮಾತ್ರ, ಟ್ಯಾಂಕ್‌ಗೆ ಹಾಕಬಾರದು. ಅಡುಗೆ ಮನೆಯ ಚಿಕ್ಕ ಡಿಜಿಟಲ್ ತಕ್ಕಡಿ ಸಾಕು.

ಲೆದರ್ ಒಂದೇ ಕುಗ್ಗಿದ್ದರೆ ನಾನು ಸುಮ್ನಿರಿ ಅನ್ನುತ್ತಿದ್ದೆ. ಅದು ಆಗಾಗ ಮೇಲಿನ ಮೇಣದಂಥ ಪೊರೆ ಕಳಚುತ್ತದೆ, ಆಗ ವಾರಗಟ್ಟಲೆ ಮುದುಡಿಕೊಂಡಿರುತ್ತದೆ. ಆದರೆ ನಿಮ್ಮಲ್ಲಿ ಬೇರೆ ಬೇರೆ ಜಾತಿಯವು ಒಟ್ಟಿಗೇ ಕೆಡುತ್ತಿವೆ. ಅಂದರೆ ರೋಗ ಅಥವಾ ಕೀಟ ಅಲ್ಲ, ನೀರೇ.

ರೀಫ್_ವಿಜಯನಗರ:

ಮೈಸೂರಿನವರು ಹೇಳಿದ್ದನ್ನು ಮೊದಲು ಮಾಡಿ. ಜೊತೆಗೆ ನನ್ನದೂ ಒಂದಷ್ಟು.

ಬೇಸಿಗೆಯಲ್ಲಿ ಹವಳ ಸತ್ತರೆ ಎಲ್ಲರೂ ಸೆಕೆಯನ್ನೇ ಬಯ್ಯುತ್ತಾರೆ. ಅದರಲ್ಲಿ ಅರ್ಥವಿದೆ. 2024ರ ಏಪ್ರಿಲ್ ಕೊನೆಯಲ್ಲಿ ಬೆಂಗಳೂರಿನಲ್ಲೇ 38 ಡಿಗ್ರಿ ದಾಟಿತ್ತು, ಅದೇ ಬೇಸಿಗೆಯಲ್ಲಿ ಲಕ್ಷದ್ವೀಪದಲ್ಲಿ ನೀರು ಬಿಸಿಯಾಗಿ ಹವಳ ಬಿಳುಚಿದ್ದು ಪತ್ರಿಕೆಗಳಲ್ಲೂ ಬಂದಿತ್ತು. ಸಮುದ್ರದಲ್ಲಿ ಆ ಜಾಗದ ಮಾಮೂಲಿ ಬೇಸಿಗೆಗಿಂತ ಒಂದೇ ಡಿಗ್ರಿ ಜಾಸ್ತಿಯಾಗಿ ವಾರಗಟ್ಟಲೆ ಹಾಗೇ ನಿಂತರೂ ಸಾಕು, ಬಿಳುಚುವುದು ಶುರುವಾಗುತ್ತದೆ. ಆದರೆ ಹಾಗೆ ಬಿಳುಚಿದ ಹವಳ ಬೇರೆ ಥರ ಕಾಣುತ್ತದೆ. ಒಳಗಿರುವ ಪಾಚಿಯನ್ನು ಅದು ಹೊರಗೆ ಹಾಕುವುದರಿಂದ ಬಣ್ಣ ಹೋಗುತ್ತದೆ, ಮೈ ಮಾತ್ರ ಹಾಗೇ ಇರುತ್ತದೆ. ನಿಮ್ಮವು ಬಣ್ಣ ಇದ್ದೇ ಮುಚ್ಚಿಕೊಳ್ಳುತ್ತಿವೆ, ಕರಗುತ್ತಿವೆ. 28.5 ಅಂಥ ಭಯಪಡುವ ಅಂಕಿಯೂ ಅಲ್ಲ, ಹಗಲಿಗೂ ರಾತ್ರಿಗೂ ಒಂದೂವರೆ ಡಿಗ್ರಿಯಷ್ಟೇ ವ್ಯತ್ಯಾಸ. ಹಾಗಾಗಿ ಸೆಕೆಯನ್ನು ನಾನು ಪಕ್ಕಕ್ಕಿಡುತ್ತೇನೆ.

ಕೆಎಚ್ 7.5 ಸರಿಯಿದೆ, ಸಮುದ್ರದಲ್ಲೇ 7ರ ಆಸುಪಾಸು. ನೈಟ್ರೇಟ್, ಫಾಸ್ಫೇಟ್ ಎರಡೂ ಮೃದು ಹವಳಕ್ಕೆ ಬೇಕಾದಷ್ಟೇ ಇವೆ. ಪೂರ್ತಿ ಸೊನ್ನೆ ಇದ್ದಿದ್ದರೆ ಹಸಿವು ಅನ್ನಬಹುದಿತ್ತು.

ನಾನು ಕೇಳುವುದು ಬೇರೆ. ನಿಮ್ಮ ಬಸವನಹುಳು ಹೇಗಿವೆ? ಹರ್ಮಿಟ್ ಏಡಿ ಇದ್ದವಾ? ರಾತ್ರಿ ಟಾರ್ಚ್ ಹಾಕಿದಾಗ ಗಾಜಿನ ಮೇಲೆ ಓಡಾಡುವ ಚುಕ್ಕಿಯಂಥ ಜೀವಿಗಳು ಈಗಲೂ ಕಾಣುತ್ತವಾ? ಮೀನು ಗಟ್ಟಿಮುಟ್ಟಾಗಿದ್ದು ಬೆನ್ನೆಲುಬಿಲ್ಲದವು ಮಾತ್ರ ಸಾಯುತ್ತಿದ್ದರೆ ಅದು ಲೋಹದ ಲಕ್ಷಣ. ನೀವು ಮಾಡಿರುವ ಯಾವ ಪರೀಕ್ಷೆಯಲ್ಲೂ ಲೋಹ ಕಾಣುವುದಿಲ್ಲ. ಆರ್‌ಒ ಯಾವ ಥರದ್ದು, ಅದರ ನೀರಿನ ಟಿಡಿಎಸ್ (ಕರಗಿರುವ ಒಟ್ಟು ಲವಣ) ಎಷ್ಟು, ಈಚೆಗೆ ಮನೆಯಲ್ಲಿ ಏನಾದರೂ ಬದಲಾಗಿದೆಯಾ? ಪೈಪು, ಪಂಪು, ಮ್ಯಾಗ್ನೆಟ್, ಏನೇ ಆಗಲಿ ಹೇಳಿ.

ಹವಳದಮನೆ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಉಪ್ಪಿನ ದ್ರಾವಣ ಮಾಡಿ ನೋಡಿದೆ, ರಿಫ್ರಾಕ್ಟೋಮೀಟರ್ ಒಂದು ಕೂದಲೆಳೆ ಆಚೀಚೆ ಅಷ್ಟೇ. ಅಲ್ಲಿ ತೊಂದರೆಯಿಲ್ಲ.

ಬಸವನಹುಳು ವಿಷಯ ಓದಿ ಎದೆ ಧಸಕ್ಕೆಂದಿತು. ಟರ್ಬೋ ಹುಳುಗಳು ಹವಳಕ್ಕಿಂತ ಮೊದಲೇ ಮರಳಿನ ಮೇಲೆ ಅಂಗಾತ ಬಿದ್ದು ಸತ್ತವು. ವಯಸ್ಸಾಯಿತೇನೋ ಅಂದುಕೊಂಡಿದ್ದೆವು. ಕಲ್ಲಿನ ಸಂದಿಯಲ್ಲಿದ್ದ ಗರಿಹುಳುಗಳೂ ಈಗ ಕಾಣುತ್ತಿಲ್ಲ. ಟಾರ್ಚ್ ಹಾಕಿದೆ, ಗಾಜಿನ ಮೇಲೆ ಏನೂ ಓಡಾಡುತ್ತಿಲ್ಲ.

ಆರ್‌ಒ ಅಡುಗೆ ಮನೆಯದೇ. ಹಳೆಯದರ ಮೆಂಬ್ರೇನ್ ಹೋಗಿತ್ತು, ಶಿವರಾತ್ರಿ ಹೊತ್ತಿಗೆ ಹೊಸ ಪ್ಯೂರಿಫೈಯರ್ ಬಂತು. ಬೋರ್‌ವೆಲ್ ನೀರು, ನಡುನಡುವೆ ಟ್ಯಾಂಕರ್. ಟಿಡಿಎಸ್ 70 ತೋರಿಸುತ್ತದೆ. ಡಬ್ಬದ ಮೇಲೆ ಆರ್‌ಒ, ಯುವಿ, ತಾಮ್ರ ಅಂತ ಬರೆದಿದೆ, ಆರೋಗ್ಯಕ್ಕೆ ಒಳ್ಳೆಯದು ಅಂತ ಅತ್ತೆ ಅದನ್ನೇ ಆರಿಸಿದ್ದು. ಇದೇನಾ?

ರೀಫ್_ವಿಜಯನಗರ:

ಇದೇ ಅಂತ ನನಗೆ ಬಹುತೇಕ ಖಾತ್ರಿ. ಈ ಕ್ಷಣದಿಂದ ಆ ನೀರನ್ನು ಟ್ಯಾಂಕ್‌ಗೆ ಹಾಕಬೇಡಿ. ಕುಡಿಯಲು ಏನೂ ತೊಂದರೆಯಿಲ್ಲ, ಅತ್ತೆಯವರಿಗೆ ಬೇಜಾರು ಮಾಡುವುದು ಬೇಡ.

ಒಳಗೆ ಏನಾಗುತ್ತದೆ ಹೇಳುತ್ತೇನೆ. ಆರ್‌ಒ ಮೆಂಬ್ರೇನ್ ಲೋಹಗಳನ್ನು ಚೆನ್ನಾಗಿಯೇ ತಡೆಯುತ್ತದೆ. ಆದರೆ ಕುಡಿಯುವ ನೀರಿನ ಯಂತ್ರಗಳಲ್ಲಿ ಮೆಂಬ್ರೇನ್ ದಾಟಿದ ಮೇಲೆ ಇನ್ನೂ ಕೆಲಸ ಇರುತ್ತದೆ. ಒಂದು, ರುಚಿಗಾಗಿ ಟಿಡಿಎಸ್ ಕಂಟ್ರೋಲರ್ ಸ್ವಲ್ಪ ಮೂಲ ನೀರನ್ನು ಮತ್ತೆ ಬೆರೆಸುತ್ತದೆ, ನಿಮ್ಮ 70 ಬಂದಿರುವುದು ಬಹುಶಃ ಅಲ್ಲಿಂದ. ಎರಡು, ತಾಮ್ರ ಸೇರಿಸುವ ಕಾರ್ಟ್ರಿಜ್ ಕೂತಿರುವುದೂ ಮೆಂಬ್ರೇನ್ ಆದಮೇಲೆ. ಅಂದರೆ ಶುದ್ಧ ಮಾಡಿದ ನೀರಿಗೆ ಬೇಕಂತಲೇ ತಾಮ್ರ ಬೆರೆಸಿ ಕೊಡುತ್ತದೆ.

ಈಗ ಲೆಕ್ಕ. ಕುಡಿಯುವ ನೀರಿಗೆ ನಮ್ಮ ಬಿಐಎಸ್ ಮಾನದಂಡ ಐಎಸ್ 10500. ಅದರಲ್ಲಿ ತಾಮ್ರಕ್ಕೆ ಲೀಟರಿಗೆ 0.05 ಮಿಲಿಗ್ರಾಂ ಒಪ್ಪಿತ ಮಿತಿ, ಬೇರೆ ನೀರು ಸಿಗದಿದ್ದರೆ 1.5ರವರೆಗೂ ಬಿಡುತ್ತಾರೆ. ತೆರೆದ ಸಮುದ್ರದಲ್ಲಿ 0.001 ಮಿಲಿಗ್ರಾಂ ಕೂಡ ಇರುವುದಿಲ್ಲ. ನಿಮ್ಮ ಯಂತ್ರದ ನೀರಿನಲ್ಲಿ 0.1 ಇದೆ ಅಂದುಕೊಳ್ಳಿ. ದಿನಕ್ಕೆ ನಾಲ್ಕು ಲೀಟರ್ ಅಂದರೆ ತಿಂಗಳಿಗೆ 120 ಲೀಟರ್, ಅದರಲ್ಲಿ 12 ಮಿಲಿಗ್ರಾಂ ತಾಮ್ರ. ಆವಿಯಾಗುವಾಗ ಬರೀ ನೀರು ಹೋಗುತ್ತದೆ, ತಾಮ್ರ ಟ್ಯಾಂಕ್‌ನಲ್ಲೇ ಉಳಿಯುತ್ತದೆ. 200 ಲೀಟರಿಗೆ ಹಂಚಿದರೆ ಲೀಟರಿಗೆ 0.06. ಸ್ವಲ್ಪ ಭಾಗ ಕಲ್ಲು, ಮರಳು, ಸ್ಕಿಮ್ಮರ್ ಹೀರಿಕೊಳ್ಳುತ್ತವೆ ಅಂತ ಬಿಟ್ಟರೂ ಬಸವನಹುಳು, ಹವಳ ತಡೆಯುವ ಪ್ರಮಾಣ ಅದಲ್ಲ. ವಾರದ 20 ಲೀಟರ್ ಬದಲಾವಣೆಯೂ ಅದೇ ನೀರಿನಿಂದ, ಹಾಗಾಗಿ ಅದರಿಂದಲೂ ಪೂರ್ತಿ ಹೊರಗೆ ಹೋಗಲಿಲ್ಲ.

ಮೀನು ಯಾಕೆ ಬದುಕಿದವು ಅಂದರೆ, ಬಿಳಿ ಚುಕ್ಕೆ ರೋಗಕ್ಕೆ, ವೆಲ್ವೆಟ್ ರೋಗಕ್ಕೆ ಔಷಧಿಯಾಗಿ ಕೊಡುವುದೇ ತಾಮ್ರ, ಲೀಟರಿಗೆ 0.15ರಿಂದ 0.20ರವರೆಗೆ. ಆ ಚಿಕಿತ್ಸೆಯನ್ನು ಯಾವಾಗಲೂ ಬೇರೆ ಟ್ಯಾಂಕ್‌ನಲ್ಲಿ ಮಾಡಿ ಅನ್ನುವುದು ಇದಕ್ಕೇ.

ನೋಡಿ, ಸೆಕೆ ತಪ್ಪಿತಸ್ಥ ಅಲ್ಲ ಅಂದೆ, ಪೂರ್ತಿ ಹಾಗೂ ಅಲ್ಲ. ಫ್ಯಾನ್ ಹಾಕಿದ್ದರಿಂದ ಆವಿ ಜಾಸ್ತಿ, ಆವಿ ಜಾಸ್ತಿಯಾದ್ದರಿಂದ ಸೇರಿಸುವ ನೀರು ಜಾಸ್ತಿ, ಅದರ ಜೊತೆ ತಾಮ್ರವೂ ಜಾಸ್ತಿ. ಯುಗಾದಿ ಹೊತ್ತಿಗೇ ಶುರುವಾಗಿದ್ದು ಅದಕ್ಕೇ.

ಹವಳದಮನೆ:

ಓದಿ ತಲೆ ತಿರುಗಿತು. ಇವತ್ತೇ ಅಂಗಡಿಯಿಂದ ತಾಮ್ರದ ಟೆಸ್ಟ್ ಕಿಟ್ ತಂದು ಟ್ಯಾಂಕ್ ನೀರು ನೋಡಿದೆ. ಸೊನ್ನೆ ತೋರಿಸುತ್ತಿದೆ! ಹಾಗಾದರೆ ತಾಮ್ರ ಅಲ್ವಾ?

ಉಪ್ಪುನೀರು_ಮೈಸೂರು:

ಆ ಸೊನ್ನೆಯನ್ನು ನಂಬಬೇಡಿ. ಆ ಕಿಟ್‌ಗಳು ಮಾಡಿರುವುದು ಮೀನಿನ ಚಿಕಿತ್ಸೆಗೆ, ಬಣ್ಣದ ಪಟ್ಟಿಯ ಮೊದಲ ಮೆಟ್ಟಿಲೇ ಎಷ್ಟೋ ಕಿಟ್‌ಗಳಲ್ಲಿ 0.25ರಿಂದ ಶುರು. ನಿಮಗೆ ಬೇಕಾದ 0.05 ಅದರ ಕಣ್ಣಿಗೆ ಬೀಳುವುದಿಲ್ಲ.

ಟ್ಯಾಂಕ್ ನೀರನ್ನು ಐಸಿಪಿ ಪರೀಕ್ಷೆಗೆ (ಒಂದೊಂದು ಲೋಹವನ್ನೂ ಅಳೆಯುವ ಪ್ರಯೋಗಾಲಯದ ಪರೀಕ್ಷೆ) ಕಳಿಸಬಹುದು, ಆದರೆ ಸುಲಭದ ದಾರಿ ಇದೆ. ಪ್ಯೂರಿಫೈಯರ್ ನೀರನ್ನೇ ಪರೀಕ್ಷೆ ಮಾಡಿಸಿ. ಉಪ್ಪು ನೀರಿನಲ್ಲಿ ಲೋಹ ಅಳೆಯುವುದು ಕಷ್ಟ, ಕುಡಿಯುವ ನೀರಿನಲ್ಲಿ ಸಲೀಸು. ಎನ್‌ಎಬಿಎಲ್ ಮಾನ್ಯತೆ ಇರುವ ನೀರಿನ ಪ್ರಯೋಗಾಲಯ ಬೆಂಗಳೂರಿನಲ್ಲಿ ಬೇಕಾದಷ್ಟಿವೆ. ತಾಮ್ರ ಒಂದೇ ಸಾಕು, ಸಿಕ್ಕಿದೆ ಸಿಕ್ಕಿಲ್ಲ ಅಂತಲ್ಲ, ಅಂಕಿಯನ್ನೇ ಬರೆದುಕೊಡಿ ಅಂತ ಹೇಳಿ. ಟಿಡಿಎಸ್ ಮೀಟರ್ ನೋಡಿ ಸಮಾಧಾನ ಮಾಡಿಕೊಳ್ಳಬೇಡಿ, ಅಷ್ಟು ಕಡಿಮೆ ತಾಮ್ರ ಅದಕ್ಕೆ ಗೊತ್ತೇ ಆಗುವುದಿಲ್ಲ.

ವರದಿ ಬರುವ ತನಕ ಕಾಯಬೇಡಿ. ಸಂಪ್‌ನಲ್ಲಿ ಹೊಸ ಆಕ್ಟಿವೇಟೆಡ್ ಕಾರ್ಬನ್ ಹಾಕಿ, ಜೊತೆಗೆ ಪಾಲಿ ಫಿಲ್ಟರ್ ಅನ್ನುವ ಪ್ಯಾಡ್ ಸಿಕ್ಕರೆ ತನ್ನಿ. ಅದು ತಾಮ್ರ ಹೀರಿದರೆ ನೀಲಿಗೆ ತಿರುಗುತ್ತದೆ. ಕಿಟ್‌ಗೆ ಕಾಣದ್ದು ಅದಕ್ಕೆ ಕಾಣುತ್ತದೆ, ಯಾಕಂದರೆ ದಿನವಿಡೀ ನೀರು ಅದರೊಳಗೆ ಹಾಯುತ್ತಲೇ ಇರುತ್ತದೆ. ತಾಮ್ರ ಹೀರುವ ಕ್ಯುಪ್ರಿಸಾರ್ಬ್ ಆದರೂ ಆಗುತ್ತದೆ.

ಇನ್ನೊಂದು. ತಾಮ್ರ ಅಂತ ಗೊತ್ತಾಯಿತು ಅಂದುಕೊಂಡು ಉಳಿದ ಲೋಹವನ್ನು ಮರೆಯಬಾರದು. ಗಾಜು ಒರೆಸುವ ಮ್ಯಾಗ್ನೆಟ್‌ನ ಪ್ಲಾಸ್ಟಿಕ್ ಸೀಳಿದೆಯಾ, ವೇವ್‌ಮೇಕರ್ ಪಂಪಿನ ಒಳಗೆ ತುಕ್ಕಿನ ಬಣ್ಣ ಇದೆಯಾ, ಹಿತ್ತಾಳೆಯ ನಲ್ಲಿ ಅಥವಾ ಕ್ಲಿಪ್ ಎಲ್ಲಾದರೂ ಉಪ್ಪು ನೀರಿಗೆ ತಾಗುತ್ತಿದೆಯಾ, ಒಮ್ಮೆ ಕೈಯಲ್ಲಿ ಹಿಡಿದು ನೋಡಿ.

ರೀಫ್_ವಿಜಯನಗರ:

ನೀರಿನ ವಿಷಯ ನಾನು ಹೇಳುತ್ತೇನೆ. ಹೊಸ ಯಂತ್ರ ಕೊಳ್ಳಬೇಕಾಗಿಲ್ಲ. ಆರ್‌ಒ ರಿಪೇರಿಯವರನ್ನು ಕರೆಸಿ, ಮೆಂಬ್ರೇನ್ ಆದ ತಕ್ಷಣ, ಕಂಟ್ರೋಲರ್‌ಗೂ ತಾಮ್ರದ ಕಾರ್ಟ್ರಿಜ್‌ಗೂ ಮೊದಲೇ, ಒಂದು ಟೀ (ಪೈಪ್ ಕವಲೊಡೆಯುವ ಜೋಡಣೆ) ಹಾಕಿ ಬೇರೆ ಪೈಪ್ ಎಳೆಯಲು ಹೇಳಿ. ಆ ಪೈಪಿಗೆ ಡಿಐ ರೆಸಿನ್ (ಉಳಿದ ಲವಣವನ್ನೂ ಹಿಡಿದುಕೊಳ್ಳುವ ಮಣಿಗಳು) ಇರುವ ಕಾರ್ಟ್ರಿಜ್ ಜೋಡಿಸಿ. ಕೊನೆಯಲ್ಲಿ ಟಿಡಿಎಸ್ 0 ಬರಬೇಕು, 1 ಅಥವಾ 2 ಆದಾಗಲೇ ರೆಸಿನ್ ಬದಲಾಯಿಸಿ. ಬೋರ್‌ವೆಲ್ ನೀರಿನಲ್ಲಿ ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಇದ್ದರೆ ರೆಸಿನ್ ಬೇಗ ಮುಗಿಯುತ್ತದೆ. ಬಣ್ಣ ಬದಲಾಯಿಸುವ ರೆಸಿನ್ ತಂದರೆ ನೋಡಿದ ಕೂಡಲೇ ಗೊತ್ತಾಗುತ್ತದೆ. ಇಪ್ಪತ್ತು ಲೀಟರ್ ಕ್ಯಾನ್ ನೀರು ಬೇಡ, ಅದಕ್ಕೂ ರುಚಿಗೆ ಏನಾದರೂ ಬೆರೆಸಿರುತ್ತಾರೆ.

ಆಮೇಲೆ ಆ ನೀರಿನಲ್ಲಿ ಉಪ್ಪು ಕಲಸಿ, ಪಂಪು ಹಾಕಿ ಒಂದು ದಿನ ತಿರುಗಿಸಿ, ಶಾಖ ಮತ್ತು ಉಪ್ಪಿನಂಶ ಟ್ಯಾಂಕ್‌ಗೆ ಸರಿಯಾಗಿ ಹೊಂದಿಸಿ 30, 40 ಲೀಟರ್ ಬದಲಾಯಿಸಿ. ಎರಡು ದಿನ ಬಿಟ್ಟು ಮತ್ತೆ. ಒಂದೇ ಸಲ ಅರ್ಧ ಟ್ಯಾಂಕ್ ಬದಲಾಯಿಸುವ ಆಸೆ ಬರುತ್ತದೆ, ಬೇಡ. ಮೊದಲೇ ಸೋತಿರುವ ಹವಳಕ್ಕೆ ಆ ಏರುಪೇರು ತಡೆಯುವುದಿಲ್ಲ. ಕಲ್ಲು, ಮರಳು ಹಿಡಿದಿಟ್ಟುಕೊಂಡ ತಾಮ್ರ ನಿಧಾನಕ್ಕೆ ಬಿಡಬಹುದು, ಅದಕ್ಕೇ ಪ್ಯಾಡ್ ಅನ್ನು ಕೆಲವು ತಿಂಗಳು ಇಟ್ಟಿರಿ. ಕಾರ್ಬನ್ ಕೂಡ ಆಗಾಗ ಬದಲಾಯಿಸುತ್ತಿರಿ.

ಕರಗಿರುವ ಝೀನಿಯಾ, ಸತ್ತ ಜೋವಾ ತೆಗೆದುಬಿಡಿ, ಇಲ್ಲದಿದ್ದರೆ ಅಮೋನಿಯಾ ಏರುತ್ತದೆ. ಆದರೆ ಇಲ್ಲಿ ದಯವಿಟ್ಟು ಗಮನ ಕೊಡಿ. ಕೆಲವು ಜೋವಾಗಳಲ್ಲಿ, ಮುಖ್ಯವಾಗಿ ಪಾಲಿಥೋವಾ ಜಾತಿಯಲ್ಲಿ, ಪಾಲಿಟಾಕ್ಸಿನ್ ಅನ್ನುವ ಭಯಂಕರ ವಿಷ ಇರುತ್ತದೆ. ಗ್ಲೌಸ್ ಹಾಕಿ, ಕನ್ನಡಕ ಹಾಕಿ. ಕೈಯಲ್ಲಿ ಗಾಯವಿದ್ದರೆ ಬೇರೆಯವರಿಗೆ ಹೇಳಿ. ಕಲ್ಲನ್ನು ನೀರಿನೊಳಗೇ ಇಟ್ಟು ಬಿಡಿಸಿ, ಬ್ರಷ್ ಹಾಕಿ ಉಜ್ಜಿ ಸಿಡಿಸಬೇಡಿ. ಕಲ್ಲನ್ನು ಬಿಸಿನೀರಿನಲ್ಲಿ ಕುದಿಸುವುದಂತೂ ಬೇಡವೇ ಬೇಡ, ಆ ಹಬೆ ಉಸಿರಾಡಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಘಟನೆಗಳು ಹೊರದೇಶಗಳಲ್ಲಿ ಆಗಿವೆ. ಮಕ್ಕಳನ್ನು, ನಾಯಿ ಬೆಕ್ಕನ್ನು ಆ ಹೊತ್ತು ದೂರ ಇಡಿ.

ಕಡಲತಡಿ:

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ಸುರತ್ಕಲ್ ಕಡೆಯವನು, ಹೊಸದಾಗಿ ಟ್ಯಾಂಕ್ ಮಾಡುತ್ತಿದ್ದೇನೆ. ಇಷ್ಟೆಲ್ಲ ಆರ್‌ಒ, ರೆಸಿನ್ ಯಾಕೆ, ಸಮುದ್ರದ ನೀರೇ ತಂದರೆ ಆಗುವುದಿಲ್ಲವಾ?

ಉಪ್ಪುನೀರು_ಮೈಸೂರು:

ಆಗುತ್ತದೆ, ಆದರೆ ದಡದಿಂದ ಬಕೆಟ್‌ನಲ್ಲಿ ಮೊಗೆದದ್ದು ಬೇಡ. ನಿಮ್ಮ ಕಡೆ ನೇತ್ರಾವತಿ, ಗುರುಪುರ ನದಿ ಸೇರುತ್ತವೆ, ಮಳೆಗಾಲದಲ್ಲಿ ದಡದ ಹತ್ತಿರ ಉಪ್ಪಿನಂಶ ತುಂಬಾ ಇಳಿಯುತ್ತದೆ, ಕೆಸರೂ ಬರುತ್ತದೆ. ಪಣಂಬೂರಿನಲ್ಲಿ ಬಂದರು ಇದೆ, ಹಡಗಿನ ತಳದ ಬಣ್ಣದಲ್ಲೇ ತಾಮ್ರ ಇರುತ್ತದೆ, ಹಡಗಿಗೆ ಚಿಪ್ಪುಜೀವಿ ಅಂಟದಿರಲಿ ಅಂತ ಹಾಕುವುದು. ಇಲ್ಲಿ ಮೇಡಂ ಪಡುತ್ತಿರುವ ಕಷ್ಟವೇ ನಿಮಗೂ ಬರಬಹುದು. ದೋಣಿಯಲ್ಲಿ ದೂರ ಹೋಗಿ, ಬೇಸಿಗೆಯಲ್ಲಿ ತಿಳಿನೀರು ತಂದು, ಕತ್ತಲಲ್ಲಿಟ್ಟು ಸೋಸಿ ಬಳಸುವವರಿದ್ದಾರೆ. ಆದರೆ ಆವಿಯಾದ ಜಾಗಕ್ಕೆ ದಿನಾ ಸೇರಿಸಬೇಕಾದ್ದು ಉಪ್ಪಿಲ್ಲದ ಶುದ್ಧ ನೀರು. ಹಾಗಾಗಿ ಸಮುದ್ರ ಪಕ್ಕದಲ್ಲಿದ್ದರೂ ಆರ್‌ಒ, ಡಿಐ ತಪ್ಪುವುದಿಲ್ಲ.

ಹವಳದಮನೆ:

ಎಲ್ಲರಿಗೂ ಈಗಿನ ಸ್ಥಿತಿ ಹೇಳಲು ಬಂದೆ. ಪಾಲಿ ಫಿಲ್ಟರ್ ಪ್ಯಾಡ್ ಹಾಕಿದ ಒಂದು ವಾರದೊಳಗೆ ಅಂಚಿನಿಂದ ನೀಲಿಗೆ ತಿರುಗಿತು. ಅದನ್ನು ನೋಡಿ ದುಃಖವೂ ಆಯಿತು, ಕಾರಣ ಸಿಕ್ಕಿತಲ್ಲ ಅಂತ ಸಮಾಧಾನವೂ ಆಯಿತು. ಪ್ರಯೋಗಾಲಯದ ವರದಿಯಲ್ಲೂ ಪ್ಯೂರಿಫೈಯರ್ ನೀರಿನಲ್ಲಿ ತಾಮ್ರ ಇದೆ, ಕುಡಿಯುವ ಮಿತಿಯೊಳಗೇ ಇದೆ. ಮ್ಯಾಗ್ನೆಟ್, ಪಂಪು ಎಲ್ಲ ಬಿಚ್ಚಿ ನೋಡಿದೆವು, ಚೆನ್ನಾಗಿವೆ.

ರಿಪೇರಿಯವರು ಟೀ ಹಾಕಿ ಕೊಟ್ಟರು. ಮೆಂಬ್ರೇನ್ ಆದಮೇಲೆ ಟಿಡಿಎಸ್ 12, ರೆಸಿನ್ ದಾಟಿದ ಮೇಲೆ 0. ಕೆಲವು ಸಲ ನೀರು ಬದಲಾಯಿಸಿದ ಮೇಲೆ ಸ್ಟಾರ್ ಪಾಲಿಪ್ ಒಂದು ಮೂಲೆಯಲ್ಲಿ ಹೊರಗೆ ಬಂದಿದೆ. ಜೋವಾ ಅರ್ಧ ತೆರೆದಿವೆ. ಲೆದರ್ ಇನ್ನೂ ವಾಲಿಕೊಂಡೇ ಇದೆ, ಬುಡ ಗಟ್ಟಿಯಾಗಿದೆ. ಝೀನಿಯಾ ಒಂದೂ ಉಳಿಯಲಿಲ್ಲ.

ಎರಡು ಪ್ರಶ್ನೆ ಉಳಿದಿವೆ. ಬಸವನಹುಳು ಮತ್ತೆ ಯಾವಾಗ ತರಬಹುದು? ಎಲ್ಲ ಸರಿಹೋದ ಮೇಲೆ ಒಂದು ಹ್ಯಾಮರ್ ಹವಳ ತರಬೇಕು ಅಂತ ಮಗಳಿಗೆ ಆಸೆ, ತರಬಹುದಾ?

ರೀಫ್_ವಿಜಯನಗರ:

ತುಂಬಾ ಖುಷಿಯಾಯಿತು. ಲೆದರ್ ಬುಡ ಗಟ್ಟಿಯಿದ್ದರೆ ಬಿಡಬೇಡಿ, ಅದರ ಮೇಲೆ ಚೆನ್ನಾಗಿ ನೀರು ಹಾಯುವಂತೆ ಪಂಪು ತಿರುಗಿಸಿ. ಕೊಳೆತ ಭಾಗ ಕಂಡರೆ ಹೊಸ ಬ್ಲೇಡಿನಲ್ಲಿ ಕತ್ತರಿಸಿ ತೆಗೆಯಿರಿ, ಉಳಿದದ್ದು ಚಿಗುರುತ್ತದೆ.

ಹೊಸದಾಗಿ ಹಾಕಿದ ಪ್ಯಾಡ್ ನೀಲಿಗೆ ತಿರುಗದೆ ಹಾಗೇ ಉಳಿಯುವ ತನಕ ಕಾಯಿರಿ. ಆಮೇಲೂ ಒಂದೇ ಒಂದು ಬಸವನಹುಳು ಹಾಕಿ, ಎರಡು ಮೂರು ವಾರ ಓಡಾಡಿಕೊಂಡಿದ್ದರೆ ಉಳಿದವನ್ನು ತನ್ನಿ.

ಹ್ಯಾಮರ್ ಬೇಡ. ಅದು ಗಟ್ಟಿ ಹವಳ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಷೆಡ್ಯೂಲ್‌ನಲ್ಲಿ ಕಲ್ಲಿನ ಹವಳಗಳೆಲ್ಲ ಬರುತ್ತವೆ, ಹುಲಿ ಆನೆ ಇರುವ ಪಟ್ಟಿಯಲ್ಲೇ. ಕರಿ ಹವಳ, ಬೆಂಕಿ ಹವಳ, ಆರ್ಗನ್ ಪೈಪ್, ಸೀ ಫ್ಯಾನ್ ಕೂಡ ಅಲ್ಲೇ ಇವೆ. ಅಂಗಡಿಯಲ್ಲಿ ಸಿಗುತ್ತದೆ ಅಂದ ಮಾತ್ರಕ್ಕೆ ಮನೆಯಲ್ಲಿಡಬಹುದು ಅಂತಲ್ಲ. ಮಗಳಿಗೆ ಗಟ್ಟಿ ಹವಳ ತೋರಿಸಬೇಕಿದ್ದರೆ ಮುರ್ಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಕರೆದುಕೊಂಡು ಹೋಗಿ, ನಮ್ಮದೇ ಸಮುದ್ರದಲ್ಲಿ ಅದರ ಜಾಗದಲ್ಲೇ ನೋಡಲಿ. ಮಳೆಗಾಲದಲ್ಲಿ ಮಾತ್ರ ಬೇಡ.

ಝೀನಿಯಾ ನನ್ನ ಟ್ಯಾಂಕ್‌ನಲ್ಲಿ ಹಿಂಬದಿ ಗಾಜಿನ ಮೇಲೆಲ್ಲ ಹಬ್ಬಿದೆ. ಬಸವನಹುಳು ಬದುಕಿತು ಅಂತ ಇಲ್ಲಿ ಬರೆಯಿರಿ, ವಿಜಯನಗರಕ್ಕೆ ಬಂದು ಒಂದು ತುಂಡು ತೆಗೆದುಕೊಂಡು ಹೋಗಿ. ದುಡ್ಡೇನೂ ಬೇಡ.